ವಾಹನದ ಮೇಲಿನ ಹೆಸರು: ಹೊಳಪೋ, ಮ್ಯಾಟೋ?

2005ರಲ್ಲಿ ಟಾಟಾ ಏಸ್ ಮಾರುಕಟ್ಟೆಗೆ ಬಂದ ಮೇಲೆ ಸಣ್ಣ ವ್ಯಾಪಾರಿಯೂ ಸ್ವಂತ ಸರಕು ವಾಹನ ಹೊಂದುವುದು ಸುಲಭವಾಯಿತು. ಹಿಂದೆ ಪೇಂಟರುಗಳು ಕುಂಚದಿಂದ ಬರೆಯುತ್ತಿದ್ದ ಅಂಗಡಿಯ ಹೆಸರು ಈಗ ವಿನೈಲ್ ಹಾಳೆಯಲ್ಲಿ ಮುದ್ರಣಗೊಂಡು ವಾಹನಕ್ಕೆ ಅಂಟುತ್ತದೆ. ಕಾಫಿಪುಡಿ, ಜೇನು, ಕರಿಮೆಣಸು ಸಾಗಿಸುವ ವಾಹನವೇ ನಮ್ಮ ಸಂಚಾರಿ ನಾಮಫಲಕ. ಆದರೆ ಮುದ್ರಣದ ಮೇಲೆ ಹೊದಿಸುವ ಪಾರದರ್ಶಕ ರಕ್ಷಣಾ ಪದರ ಗ್ಲಾಸಿ ಇರಬೇಕೋ ಮ್ಯಾಟ್ ಇರಬೇಕೋ ಎಂದು ಕೇಳಿದರೆ, "ಯಾವುದು ಚೆಂದವೋ ಅದನ್ನೇ ಹಾಕಿ" ಎನ್ನುವವರೇ ಅಧಿಕ. ಇದು ಅಂದಕ್ಕಿಂತ ಹೆಚ್ಚಾಗಿ ಲೆಕ್ಕಕ್ಕೆ ಸೇರಿದ ಪ್ರಶ್ನೆಯೆಂಬುದು ನನ್ನ ಅಭಿಪ್ರಾಯ.

ಗ್ಲಾಸಿ ಪದರದಲ್ಲಿ ಬಣ್ಣಗಳು ಗಾಢವಾಗಿ ಕಾಣುತ್ತವೆ. ಮೇಲ್ಮೈ ನುಣುಪಾಗಿರುವುದರಿಂದ ಕೆಸರು ಬೇಗ ತೊಳೆದುಹೋಗುತ್ತದೆ. ಬಿಸಿಲು ಬಿದ್ದಾಗ ಪ್ರತಿಫಲನದಿಂದ ಅಕ್ಷರಗಳು ಮರೆಯಾಗುವುದು ಹಾಗೂ ಸಣ್ಣ ಗೀರುಗಳು ಎದ್ದು ಕಾಣುವುದು ಅದರ ದೋಷಗಳು. ಮ್ಯಾಟ್ ಪದರಕ್ಕೆ ಈ ದೋಷಗಳಿಲ್ಲ. ಯಾವ ಕೋನದಿಂದಲೂ ಓದಬಹುದು, ಛಾಯಾಚಿತ್ರವೂ ಸ್ಪಷ್ಟ. ಆದರೆ ಅದರ ಸೂಕ್ಷ್ಮ ಒರಟುತನದಲ್ಲಿ ಮಣ್ಣು, ಎಣ್ಣೆಯ ಜಿಡ್ಡು ಸೇರಿಕೊಂಡರೆ ತೆಗೆಯುವುದು ಕಷ್ಟ. ಬಲವಾಗಿ ಉಜ್ಜಿದ ಜಾಗ ಮಿನುಗತೊಡಗಿ ಕಲೆಯಂತೆ ಉಳಿದುಬಿಡುತ್ತದೆ.

ಇನ್ನು ನಮ್ಮ ಜಿಲ್ಲೆಯ ಪರಿಸ್ಥಿತಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡಿಕೇರಿ, ಭಾಗಮಂಡಲದ ಕಡೆ ಬಿಸಿಲೇ ಅಪರೂಪ. ಮೋಡ, ಮಂಜಿನ ಹದವಾದ ಬೆಳಕಿನಲ್ಲಿ ಗ್ಲಾಸಿಯ ಮುಖ್ಯ ದೋಷವೇ ಬಹುಮಟ್ಟಿಗೆ ಕಾಣಿಸದು. ಅದೇ ಸಮಯದಲ್ಲಿ ತೋಟದ ರಸ್ತೆಯ ಕೆಸರು ನಿತ್ಯವೂ ವಾಹನಕ್ಕೆ ಮೆತ್ತುತ್ತದೆ. ಆದ್ದರಿಂದ ಸರಕು ವಾಹನಗಳಿಗೆ ಗ್ಲಾಸಿಯೇ ಸೂಕ್ತ. ಮಳೆ ಕಡಿಮೆಯಿರುವ ಕುಶಾಲನಗರದ ಸುತ್ತ ಓಡಾಡುವ, ಶುಚಿಯಾಗಿಡಲು ಸಾಧ್ಯವಿರುವ ಹೋಂಸ್ಟೇ ವಾಹನಗಳಿಗೆ ಮ್ಯಾಟ್ ಒಪ್ಪಬಹುದು.

ಆದರೆ ಬಾಳಿಕೆಯನ್ನು ನಿರ್ಧರಿಸುವುದು ಹೊಳಪಲ್ಲ, ಹಾಳೆಯ ದರ್ಜೆ. ಉಬ್ಬುತಗ್ಗುಗಳಿರುವ ಬಾಡಿಗೆ ಕಾಸ್ಟ್ ವಿನೈಲ್ ಹೊಂದಿಕೊಳ್ಳುತ್ತದೆ. ಅಗ್ಗದ ಕ್ಯಾಲೆಂಡರ್ಡ್ ವಿನೈಲ್ ಕಾಲಕ್ರಮೇಣ ಕುಗ್ಗಿ ಅಂಚು ಬಿಡುತ್ತದೆ. ಸಾಲ್ವೆಂಟ್ ಶಾಯಿಯ ಮುದ್ರಣ ಪೂರ್ಣ ಆರುವ ಮುನ್ನ ಪದರ ಹೊದಿಸಿದರೆ ಅಂಟು ಸಡಿಲವಾಗುತ್ತದೆ. ಕನಿಷ್ಠ 24 ಗಂಟೆ ಕಾಯುವಂತೆ ಮುದ್ರಕರಿಗೆ ತಿಳಿಸಬೇಕು. ವಾಟರ್ ಸರ್ವಿಸ್ ಮಾಡಿಸುವಾಗ ಪ್ರೆಷರ್ ನೀರನ್ನು ಅಂಚಿಗೆ ಹತ್ತಿರದಿಂದ ಹಿಡಿಯಲು ಬಿಡಬಾರದು.

ಈಗ ಲೆಕ್ಕ. ಉದಾಹರಣೆಗೆ, 8,000 ರೂಪಾಯಿಯ ಕೆಲಸ 2 ವರ್ಷ ಬಾಳಿದರೆ ವರ್ಷಕ್ಕೆ 4,000 ರೂಪಾಯಿ ಬಿತ್ತು. 15,000 ರೂಪಾಯಿಯದು 5 ವರ್ಷ ಬಾಳಿದರೆ ವರ್ಷಕ್ಕೆ 3,000 ರೂಪಾಯಿ ಮಾತ್ರ. ಹಳೆಯದನ್ನು ಕೀಳುವ ಕೂಲಿ, ವಾಹನ ನಿಂತ ದಿನದ ನಷ್ಟ ಸೇರಿಸಿದರೆ ಅಂತರ ಇನ್ನೂ ಹೆಚ್ಚು. ಜಿಎಸ್‌ಟಿಯ ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೆ ಹೂಡುವಳಿ ತೆರಿಗೆ ಜಮೆ ದೊರೆಯದ ಕಾರಣ, ಬಿಲ್ಲಿನ ತೆರಿಗೆಯನ್ನೂ ವೆಚ್ಚವೆಂದೇ ಎಣಿಸಬೇಕು.

ಒಂದು ಎಚ್ಚರಿಕೆ: ವಾಹನದ ಬಣ್ಣ ನೋಂದಣಿ ಪತ್ರದಲ್ಲಿ ದಾಖಲಾಗಿರುತ್ತದೆ. ಮೂಲ ಬಣ್ಣವೇ ಮರೆಯಾಗುವಂತೆ ಪೂರ್ಣ ಹೊದಿಸುವ ಮುನ್ನ ಮಡಿಕೇರಿಯ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ. ನೋಂದಣಿ ಫಲಕ, ದೀಪ ಹಾಗೂ ಪ್ರತಿಫಲಕ ಪಟ್ಟಿಗಳನ್ನು ಯಾವ ಕಾರಣಕ್ಕೂ ಮುಚ್ಚಕೂಡದು. ಮಂಜು ಮುಸುಕಿದ ಘಾಟಿಯಲ್ಲಿ ಅವೇ ಪ್ರಾಣರಕ್ಷಕಗಳು.

ಅಂಚು ಕಿತ್ತು, ಬಣ್ಣ ಮಾಸಿದ ಹೆಸರನ್ನು ಹೊತ್ತು ತಿರುಗುವ ವಾಹನ, ಒಳಗಿರುವ ಉತ್ತಮ ಸರಕಿನ ಬಗೆಗೂ ಗಿರಾಕಿಯಲ್ಲಿ ಸಂದೇಹ ಹುಟ್ಟಿಸುತ್ತದೆ. ಆದುದರಿಂದ ಸದಸ್ಯರು ದರಪಟ್ಟಿ ಕೇಳುವಾಗ ವಿನೈಲಿನ ದರ್ಜೆ, ಪದರದ ಬಗೆ ಹಾಗೂ ಖಾತರಿಯ ಅವಧಿಯನ್ನು ಲಿಖಿತವಾಗಿ ಪಡೆದು, ಒಟ್ಟು ಬೆಲೆಯ ಬದಲು ವಾರ್ಷಿಕ ವೆಚ್ಚವನ್ನು ತುಲನೆ ಮಾಡಬೇಕೆಂದು ಕೋರುತ್ತೇನೆ.