ಒಂದೇ ಪಾಷಾಣ, ಗೋದಾಮಿಗೂ ಹುಲ್ಲಿಗೂ?

ತಿರುವನಂತಪುರದ ಚಾಲೈ ಪೇಟೆಗೆ ಬುನಾದಿ ಹಾಕಿದ್ದು ಹದಿನೆಂಟನೇ ಶತಮಾನದ ಕೊನೆಯಲ್ಲಿ, ತಿರುವಾಂಕೂರಿನ ದಿವಾನ್ ರಾಜಾ ಕೇಶವದಾಸ್. ಕೋಟೆಯ ಬಾಗಿಲಿನಿಂದ ಕಿಳ್ಳಿಪ್ಪಾಲಂವರೆಗೆ ಅಕ್ಕಿ, ಬೇಳೆ, ಬೆಲ್ಲದ ಮೂಟೆ. ಇಲಿಗಳಿಗೆ ಇನ್ನೇನು ಬೇಕು? ಇಂಥ ಪೇಟೆಗಳಲ್ಲಿ ಗೋದಾಮಿನವನೂ ಹಸು ಸಾಕಿದವನೂ ಕೇಳುವುದು ಒಂದೇ ಇಲಿ ಪಾಷಾಣ. ಆದರೆ ಹುಲ್ಲಿನ ತಾಕಿನಲ್ಲಿ ಇಲಿಗಿಟ್ಟದ್ದನ್ನು ಹಸುವೂ ತಿಂದೀತು.

ಹಾಗೆಂದು ಇಲಿಯನ್ನು ಬಿಡುವಂತೆಯೂ ಇಲ್ಲ. ನೇಪಿಯರ್ ಹುಲ್ಲು ದಟ್ಟವಾಗಿ ಬೆಳೆದರೆ ಹೆಗ್ಗಣ ಬುಡದಲ್ಲೇ ಬಿಲ ತೋಡುತ್ತದೆ. ಅದರ ಮೂತ್ರ ಕಲೆತ ಕೆಸರಿನಲ್ಲಿ ಬರಿಗಾಲಲ್ಲಿ ನಿಂತು ಹುಲ್ಲು ಕೊಯ್ದವರಿಗೆ ಇಲಿಜ್ವರ ಬರಬಹುದು. 2018ರ ನೆರೆಯ ನಂತರ ಕೇರಳದಲ್ಲಿ ಈ ಜ್ವರ ಎಷ್ಟು ಹರಡಿತೆಂದರೆ ಡಾಕ್ಸಿಸೈಕ್ಲಿನ್ ಮಾತ್ರೆಗಳನ್ನು ಊರೂರಿಗೆ ಹಂಚಬೇಕಾಯಿತು. ಹಸುವಿಗೆ ಇದೇ ರೋಗ ತಗುಲಿದರೆ ಗರ್ಭ ನಿಲ್ಲದೆ ಹೋಗಬಹುದು.

ಜಿಂಕ್ ಫಾಸ್ಫೈಡ್ ಹಳೆಯ ಮದ್ದು, ಅಗ್ಗ. ಹೊಟ್ಟೆಯ ಆಮ್ಲ ತಗುಲಿದೊಡನೆ ಫಾಸ್ಫೀನ್ ಅನಿಲವಾಗಿ ಇಲಿಯನ್ನು ರಾತ್ರಿಯೊಳಗೇ ಕೊಲ್ಲುತ್ತದೆ. ಮಾಂಸದಲ್ಲಿ ಹೆಚ್ಚು ಉಳಿಯದ ಕಾರಣ ಸತ್ತ ಇಲಿಯನ್ನು ತಿಂದ ಗೂಬೆಗೆ ಅಪಾಯ ಕಡಿಮೆ. ಆದರೆ ಹಸುವೋ ಮಗುವೋ ತಿಂದರೆ ಪ್ರತಿಮದ್ದೇ ಇಲ್ಲ. ಅರೆಬರೆ ತಿಂದು ಬದುಕುಳಿದ ಇಲಿ ಮತ್ತೆ ಅದನ್ನು ಮುಟ್ಟುವುದೂ ಇಲ್ಲ.

ಬ್ರೋಮಾಡಿಯೊಲೋನ್ ಎಂಬ ಇನ್ನೊಂದು ಮದ್ದಿನದು ಬೇರೆ ದಾರಿ; ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಇದರ ವಂಶದ ಮೂಲ ಮೇವೇ ಎಂಬುದು ತಮಾಷೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಬೂಸ್ಟು ಹಿಡಿದ ಸ್ವೀಟ್ ಕ್ಲೋವರ್ ಒಣಹುಲ್ಲು ತಿಂದ ದನಗಳು ರಕ್ತ ಸೋರಿ ಸಾಯುತ್ತಿದ್ದವು. 1933ರಲ್ಲಿ ಒಬ್ಬ ರೈತ ಹೆಪ್ಪುಗಟ್ಟದ ರಕ್ತವನ್ನು ಹಾಲಿನ ಕ್ಯಾನಿನಲ್ಲಿ ತುಂಬಿಕೊಂಡು ಕಾರ್ಲ್ ಪಾಲ್ ಲಿಂಕ್‌ರ ಪ್ರಯೋಗಾಲಯಕ್ಕೆ ಬಂದ. ಅಲ್ಲಿಂದ ಡೈಕೂಮರಾಲ್, 1948ಕ್ಕೆ ಇಲಿಮದ್ದಾಗಿ ವಾರ್ಫರಿನ್, ಆಮೇಲೆ ಈ ಬ್ರೋಮಾಡಿಯೊಲೋನ್. ಇಲಿಗೆ ಅನುಮಾನ ಬಾರದು, ಸಾಯಲು ಕೆಲವು ದಿನ ಹಿಡಿಯುತ್ತದೆ. ದನ ತಿಂದದ್ದು ಬೇಗ ಗೊತ್ತಾದರೆ ವಿಟಮಿನ್ ಕೆ-1 ಕೊಟ್ಟು ಉಳಿಸಬಹುದು. ಆದರೆ ಆ ದಿನಗಳಲ್ಲಿ ಇಲಿ ತೂರಾಡುತ್ತ ಬಯಲಲ್ಲಿ ಅಲೆದು ಗೂಬೆ, ಬೆಕ್ಕು, ನಾಯಿಗಳ ಬಾಯಿಗೆ ಬೀಳುತ್ತದೆ, ವಿಷವೂ ಜೊತೆಗೇ.

ಹಾಗಾದರೆ ‘ಸುರಕ್ಷಿತ’ ಯಾವುದು? ಹಸುವಿನ ಲೆಕ್ಕದಲ್ಲಿ ಎರಡನೆಯದು, ಗೂಬೆಯ ಲೆಕ್ಕದಲ್ಲಿ ಮೊದಲನೆಯದು. ಗೂಬೆ ಕೂರಲು ಕಂಬ ನೆಡಿ, ಬೋನು ಇಡಿ, ವಿಷವೇ ಬೇಡ ಎನ್ನುವವರ ಮಾತೂ ಸರಿ. ಆದರೆ ಇಲಿಗಳು ವಿಪರೀತ ಹೆಚ್ಚಿದಾಗ ಅದಷ್ಟೇ ಸಾಲದು.

ನನಗನಿಸುವುದು, ಮದ್ದಿನ ಹೆಸರಿಗಿಂತ ಅದನ್ನಿಡುವ ಜಾಗ ಮುಖ್ಯ. ನೇಪಿಯರ್ ಕೊಯ್ದ ಮರುದಿನ ಬಿಲಗಳೆಲ್ಲ ಕಣ್ಣಿಗೆ ಬೀಳುತ್ತವೆ. ಸಂಜೆ ಎಲ್ಲವನ್ನೂ ಮಣ್ಣಿನಿಂದ ಮುಚ್ಚಿ, ಬೆಳಗ್ಗೆ ತೆರೆದುಕೊಂಡವುಗಳಿಗೆ ಮಾತ್ರ ಕಾಗದದ ಪೊಟ್ಟಣದಲ್ಲಿ ಮದ್ದು ಕಲೆಸಿದ ನುಚ್ಚು ಇಟ್ಟು ಬಾಯಿ ಮುಚ್ಚಬೇಕು. ಚಾಲೈನಂಥ ಕಡೆ ಮೂಟೆಗಳ ನಡುವೆ ಈ ಅನುಕೂಲವಿಲ್ಲ. ಅಲ್ಲಿ ಬೋನೇ ಲೇಸು. ಹುಲ್ಲಿನ ತಾಕಿನಲ್ಲಾದರೆ ಮದ್ದಿಟ್ಟ ಮೇಲೆ ಕೆಲವು ದಿನ ದನ ಮೇಯಿಸಬಾರದು, ಸತ್ತ ಇಲಿಗಳನ್ನು ಹೆಕ್ಕಿ ಹೂಳಬೇಕು. ಒಂದು ಹೆಣ ಮೇವಿನ ಕಂತೆಯೊಳಗೋ ಸೈಲೇಜಿನ ಗುಂಡಿಗೋ ಸೇರಿದರೆ ದನಕ್ಕೆ ಬೊಟುಲಿಸಂ ಬರಬಹುದು. ಅದಕ್ಕೆ ಇಲಿ ಪಾಷಾಣ ತಿಂದೇ ಸತ್ತಿರಬೇಕೆಂದೇನಿಲ್ಲ.