ಮಿತ್ರಕೀಟ: ಕೈತೋಟದಲ್ಲಿ ಗೆಲುವು, ತೊಗರಿಯಲ್ಲಿ ತೊಡಕು

ದಂಡೋತಿ (ಚಿತ್ತಾಪುರ): ಕಾಗಿಣಾ ನದಿ ದಂಡೆಯ ಈ ಊರು ಹಾಗೂ ಸುತ್ತಲಿನ ಸೇಡಂ, ಚಿಂಚೋಳಿ, ವಾಡಿ, ಶಹಾಬಾದ್ ಭಾಗ ಹೊರಗಿನವರಿಗೆ ಪರಿಚಿತವಾಗಿರುವುದು ಸುಣ್ಣದ ಕಲ್ಲು, ಸಿಮೆಂಟ್ ಮತ್ತು ತೊಗರಿಯಿಂದ. ಮುಂಗಾರಿನಲ್ಲಿ ಬಿತ್ತಿದ ತೊಗರಿ ಅಕ್ಟೋಬರ್-ನವೆಂಬರ್ ವೇಳೆಗೆ ಹೂ ಬಿಡುತ್ತಿದ್ದಂತೆ ಹೊಲಗಳಲ್ಲಿ ಔಷಧಿ ಸಿಂಪಡಣೆ ಆರಂಭವಾಗುತ್ತದೆ. ರೈತನ ಶತ್ರು ಒಂದೇ: ಕಾಯಿಕೊರಕ ಹುಳು. ಈ ಶತ್ರುವನ್ನು ಇನ್ನೊಂದು ಕೀಟದಿಂದಲೇ ಮಣಿಸಲು ಸಾಧ್ಯವೇ ಎಂಬ ಪ್ರಶ್ನೆ ಹೊಸದಲ್ಲ. ಆದರೆ ಇದಕ್ಕೆ ಎಲ್ಲ ಬೆಳೆಗೂ ಸಲ್ಲುವ ಒಂದೇ ಉತ್ತರವಿಲ್ಲ ಎಂಬುದನ್ನು ಮರೆತರೆ ಹಣ ಕಳೆದುಕೊಳ್ಳುವವನು ರೈತನೇ.

ಈ ಪ್ರಶ್ನೆಯ ತೀವ್ರತೆ ಅರಿಯಲು 1997-98ರ ಹಂಗಾಮನ್ನು ನೆನೆಯಬೇಕು. ಆ ವರ್ಷ ಬೀದರ್ ಮತ್ತು ಅಂದಿನ ಗುಲ್ಬರ್ಗ ಜಿಲ್ಲೆಗಳಲ್ಲಿ ಪ್ರತಿಕೂಲ ಹವಾಮಾನದ ಜೊತೆಗೆ ಕಾಯಿಕೊರಕ ಹುಳುವೂ ತೊಗರಿಯನ್ನು ನೆಲಕಚ್ಚಿಸಿತು. ಸಾಲ ಮಾಡಿ ತಂದ ಕೀಟನಾಶಕಕ್ಕೆ ಹುಳು ಜಗ್ಗಲಿಲ್ಲ. ಬೀದರ್ ಜಿಲ್ಲೆಯ ರೈತರ ಆತ್ಮಹತ್ಯೆಗಳು ರಾಜ್ಯದ ಗಮನ ಸೆಳೆದವು. ಒಂದೇ ಬಗೆಯ ರಾಸಾಯನಿಕವನ್ನು ಪದೇ ಪದೇ ಬಳಸಿದ್ದರಿಂದ ಹುಳು ನಿರೋಧಕ ಶಕ್ತಿ ಗಳಿಸಿಕೊಂಡಿತ್ತು. ಅದೇ ಸಿಂಪಡಣೆಯಿಂದ ಹುಳುವನ್ನು ತಿನ್ನುವ ಜೇಡ, ಗುಲಗಂಜಿ ಹುಳು ಹಾಗೂ ಪರೋಪಜೀವಿ ಕಣಜಗಳು ಮಾತ್ರ ಸಾಯುತ್ತಿದ್ದವು. ಶತ್ರು ಉಳಿದು ಮಿತ್ರ ಅಳಿದ ಸ್ಥಿತಿ ಅದು.

ಕಬ್ಬು, ಪಪ್ಪಾಯಿಯ ಪಾಠ

ಮಿತ್ರಕೀಟಗಳು ರಾಜ್ಯದಲ್ಲಿ ಸಾಧಿಸಿದ ಯಶಸ್ಸು ಕಡಿಮೆಯೇನಲ್ಲ. 2002ರಲ್ಲಿ ಮಹಾರಾಷ್ಟ್ರದ ಸಾಂಗ್ಲಿ ಭಾಗದಲ್ಲಿ ಕಾಣಿಸಿಕೊಂಡ ಕಬ್ಬಿನ ಬಿಳಿ ಉಣ್ಣೆ ಹೇನು ಅದೇ ವರ್ಷ ಉತ್ತರ ಕರ್ನಾಟಕಕ್ಕೂ ಕಾಲಿಟ್ಟಿತು. ಆಳೆತ್ತರ ಬೆಳೆದ ಕಬ್ಬಿನೊಳಗೆ ನುಗ್ಗಿ ಔಷಧಿ ಹೊಡೆಯುವುದೇ ದುಸ್ಸಾಧ್ಯವಾಗಿತ್ತು. ಆಗ ನೆರವಿಗೆ ಬಂದದ್ದು ಹೇನನ್ನು ತಿಂದು ಬದುಕುವ ಡೈಫಾ ಎಂಬ ಪತಂಗದ ಮರಿಹುಳು ಮತ್ತು ಮೈಕ್ರೋಮಸ್ ಎಂಬ ಕೀಟ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಮೈಕ್ರೋಮಸ್ ಕೀಟದ ಬಗ್ಗೆ ಅಧ್ಯಯನ ನಡೆಸಿ, ಅದನ್ನು ಹೆಚ್ಚಿನ ಸಂಖ್ಯೆಯಲ್ಲಿ ಬೆಳೆಸುವ ವಿಧಾನ ರೂಪಿಸಿದರು. ಈಶಾನ್ಯ ಭಾರತದಿಂದ ಎನ್ಕಾರ್ಸಿಯಾ ಎಂಬ ಕಿರು ಕಣಜವನ್ನೂ ತರಲಾಯಿತು. ಕೆಲವೇ ವರ್ಷಗಳಲ್ಲಿ ಹೇನಿನ ಹಾವಳಿ ತಗ್ಗಿತು.

ಎರಡನೆಯ ಉದಾಹರಣೆ ಪಪ್ಪಾಯಿಯದು. 2008ರಲ್ಲಿ ಕೊಯಮತ್ತೂರಿನಲ್ಲಿ ಪತ್ತೆಯಾದ ಪಪ್ಪಾಯಿ ಹಿಟ್ಟು ತಿಗಣೆ ಹಿಪ್ಪುನೇರಳೆಗೂ ಹಬ್ಬಿ ರೇಷ್ಮೆ ಬೆಳೆಗಾರರನ್ನು ಕಂಗೆಡಿಸಿತು. ಹುಳುವಿನ ಆಹಾರವಾದ ಎಲೆಗೆ ವಿಷ ಸಿಂಪಡಿಸುವುದು ಸುಲಭವಲ್ಲ. 2010ರಲ್ಲಿ ಪೋರ್ಟೊ ರಿಕೊದಿಂದ ಮೂರು ಜಾತಿಯ ಪರೋಪಜೀವಿ ಕಣಜಗಳನ್ನು ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಸ್ಥೆಗೆ ತರಿಸಿ, ಪರೀಕ್ಷಿಸಿ, ಬಳಿಕ ಬಿಡುಗಡೆ ಮಾಡಲಾಯಿತು. ಅವುಗಳಲ್ಲಿ ಅಸೆರೋಫಾಗಸ್ ಪಪಾಯೆ ಎಂಬ ಕಣಜ ಚೆನ್ನಾಗಿ ನೆಲೆಯೂರಿ ತಿಗಣೆಯನ್ನು ಹತೋಟಿಗೆ ತಂದಿತು.

ತೊಗರಿಯ ಕೂದಲೇ ಅಡ್ಡಿ

ಹಾಗಿದ್ದರೆ ಇದೇ ಮಾರ್ಗ ತೊಗರಿಗೇಕಿಲ್ಲ? ಜೈವಿಕ ನಿಯಂತ್ರಣದ ಮಾತು ಬಂದಾಗಲೆಲ್ಲ ಕೇಳಿಬರುವ ಹೆಸರು ಟ್ರೈಕೋಗ್ರಾಮ. ಒಂದು ಮಿಲಿಮೀಟರ್‌ಗೂ ಚಿಕ್ಕದಾದ ಈ ಕಣಜ ಪತಂಗದ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುತ್ತದೆ. ಹೀಗಾಗಿ ಹುಳು ಹುಟ್ಟುವ ಮೊದಲೇ ನಾಶವಾಗುತ್ತದೆ. ಕಬ್ಬು ಹಾಗೂ ಟೊಮೆಟೊದಲ್ಲಿ ಇದರ ಉಪಯೋಗ ಸಾಬೀತಾಗಿದೆ. ಆದರೆ ಟೊಮೆಟೊದಲ್ಲಿ ಕಾಯಿಕೊರಕದ ಮೊಟ್ಟೆಯನ್ನು ಹುಡುಕಿ ಕೊಲ್ಲುವ ಈ ಕಣಜ, ತೊಗರಿಯ ಮೇಲಿನ ಅದೇ ಮೊಟ್ಟೆಯ ಮುಂದೆ ಸೋಲುತ್ತದೆ. ತೊಗರಿಯ ಹೂ-ಕಾಯಿಗಳ ಮೇಲಿನ ಸೂಕ್ಷ್ಮ ಕೂದಲು ಮತ್ತು ಅಂಟು ಸ್ರಾವದಲ್ಲಿ ಅದು ನಡೆದಾಡಲಾರದು. ಕಡಲೆಯ ಎಲೆಯ ಹುಳಿ ಸ್ರಾವವೂ ಹೀಗೆಯೇ ಅಡ್ಡಿಯಾಗುತ್ತದೆ. ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಸಂಸ್ಥೆಯ ಸಂಶೋಧನೆಗಳು ಈ ಅಂಶವನ್ನು ದಶಕಗಳ ಹಿಂದೆಯೇ ಬೆಳಕಿಗೆ ತಂದಿವೆ. ಆದ್ದರಿಂದ ತೊಗರಿ ಹೊಲಕ್ಕೆ ಟ್ರೈಕೋಗ್ರಾಮ ಕಾರ್ಡ್ ಒಂದನ್ನೇ ನಂಬಿಕೊಳ್ಳುವುದು ಜಾಣತನವಲ್ಲ.

ಹಾಗೆಂದು ಮತ್ತೆ ವಿಷದ ಡಬ್ಬಿಗೇ ಮರಳಬೇಕೆಂದಲ್ಲ. ತೊಗರಿಯಲ್ಲಿ ಹೊರಗಿನಿಂದ ಕೀಟ ತಂದು ಬಿಡುವುದಕ್ಕಿಂತ ಇರುವ ಮಿತ್ರರನ್ನು ಉಳಿಸಿಕೊಳ್ಳುವುದು ಮುಖ್ಯ. ತೊಗರಿಯ ನಡುವೆ ಅಲ್ಲಲ್ಲಿ ಜೋಳ ಬಿತ್ತಿದರೆ ಹಕ್ಕಿಗಳು ಅದರ ಮೇಲೆ ಕುಳಿತು ಹುಳು ಹೆಕ್ಕುತ್ತವೆ. ಗಿಡ ಅಲುಗಿಸಿ, ಕೆಳಗೆ ಹಾಸಿದ ಪ್ಲಾಸ್ಟಿಕ್ ಹಾಳೆಗೆ ಹುಳು ಬೀಳಿಸಿ ಆರಿಸುವ ಪದ್ಧತಿಯೂ ಇದೆ. ಎನ್‌ಪಿವಿ ಎಂಬ ನಂಜಾಣು ಕೀಟವಲ್ಲವಾದರೂ ಕಾಯಿಕೊರಕಕ್ಕೆ ಮಾತ್ರ ರೋಗ ತರುತ್ತದೆ, ಮಿತ್ರಕೀಟಗಳನ್ನು ಮುಟ್ಟುವುದಿಲ್ಲ. ಬಿಸಿಲಿಗೆ ಅದು ಶಕ್ತಿ ಕಳೆದುಕೊಳ್ಳುವುದರಿಂದ ಸಂಜೆಯ ಹೊತ್ತು ಸಿಂಪಡಿಸಬೇಕು. ಕ್ಯಾಲೆಂಡರ್ ನೋಡಿ ಔಷಧಿ ಹೊಡೆಯುವ ಬದಲು ಗಿಡ ನೋಡಿ ಹೊಡೆಯುವುದು ಈ ಎಲ್ಲದರ ತಿರುಳು.

ಮನೆಯಂಗಳದಲ್ಲಿ ಅನುಕೂಲ ಹೆಚ್ಚು

ತೊಗರಿಗೆ ಹೋಲಿಸಿದರೆ ಹಿತ್ತಲು ಮತ್ತು ತಾರಸಿ ತೋಟಗಳ ಸ್ಥಿತಿ ಉತ್ತಮ. ಅಲ್ಲಿ ಕಾಡುವ ಸಸ್ಯಹೇನು, ಹಿಟ್ಟು ತಿಗಣೆಗಳು ಮೈ ಮೆತ್ತಗಿನ, ನಿಧಾನವಾಗಿ ಚಲಿಸುವ ಕೀಟಗಳು. ಒಂದು ಗುಲಗಂಜಿ ಹುಳುವಿನ ಮರಿ ದೊಡ್ಡದಾಗುವಷ್ಟರಲ್ಲಿ ನೂರಾರು ಹೇನುಗಳನ್ನು ತಿನ್ನಬಲ್ಲದು. ಆಸ್ಟ್ರೇಲಿಯಾ ಮೂಲದ ಕ್ರಿಪ್ಟೋಲೀಮಸ್ ಎಂಬ ಗುಲಗಂಜಿ ಹುಳು ಭಾರತಕ್ಕೆ ಬಂದದ್ದು 1898ರಲ್ಲಿ. ಹಿಟ್ಟು ತಿಗಣೆಯ ಪಾಲಿಗೆ ಅದು ಇಂದಿಗೂ ಯಮನೇ.

ಇಲ್ಲಿ ಅಡ್ಡಿಯಾಗುವುದು ಮಾಹಿತಿಯ ಕೊರತೆ. ಕ್ರಿಪ್ಟೋಲೀಮಸ್ ಮರಿಯ ಮೈಮೇಲೂ ಬಿಳಿ ಮೇಣದ ಎಳೆಗಳಿರುವುದರಿಂದ ಅದನ್ನೇ ತಿಗಣೆಯೆಂದು ಭಾವಿಸಿ ಹೊಸಕಿ ಹಾಕುವವರುಂಟು. ಬದನೆ ಎಲೆಯನ್ನು ಜಾಲರಿಯಂತೆ ಕೆರೆದು ತಿನ್ನುವ ಹೆಚ್ಚು ಚುಕ್ಕೆಗಳ ದುಂಬಿಯೂ ಗುಲಗಂಜಿ ಹುಳುವಿನ ಕುಟುಂಬದ್ದೇ. ಅದನ್ನು ಮಿತ್ರನೆಂದು ಸಾಕುವುದು ತಪ್ಪು. ಸಿಹಿ ಸ್ರಾವದ ಆಸೆಗೆ ತಿಗಣೆಯನ್ನು ಕಾಯುವ ಇರುವೆಗಳು ಮಿತ್ರಕೀಟಗಳನ್ನು ಓಡಿಸುತ್ತವೆ. ಇರುವೆ ಗಿಡ ಹತ್ತದಂತೆ ತಡೆದರೆ ಅರ್ಧ ಕೆಲಸ ಮುಗಿದಂತೆ. ಕೊತ್ತಂಬರಿ, ಸಬ್ಬಸಿಗೆಯ ಕೆಲವು ಗಿಡಗಳನ್ನು ಕೀಳದೆ ಹೂವಿಗೆ ಬಿಟ್ಟರೆ ಕಣಜಗಳಿಗೆ ಮಕರಂದ ಸಿಗುತ್ತದೆ. ಕೀಟ ಬಿಟ್ಟ ಬಳಿಕ ಔಷಧಿ ಹೊಡೆದರೆ ಮಾತ್ರ ಎಲ್ಲ ಶ್ರಮವೂ ವ್ಯರ್ಥ.

ಗೋದಾಮಿನಲ್ಲಿ ಕಾಯದ ಸರಕು

ಉಳಿದಿರುವುದು ಪೂರೈಕೆಯ ಪ್ರಶ್ನೆ. ಕೀಟನಾಶಕದ ಡಬ್ಬಿ ಅಂಗಡಿಯಲ್ಲಿ ವರ್ಷಗಟ್ಟಲೆ ಕುಳಿತಿರಬಲ್ಲದು, ಜೀವಂತ ಕೀಟಕ್ಕೆ ಅಷ್ಟು ಆಯುಷ್ಯವಿಲ್ಲ. ಟ್ರೈಕೋಗ್ರಾಮ ಕೆಲವೇ ದಿನಗಳಲ್ಲಿ ಮೊಟ್ಟೆಯಿಂದ ಹೊರಬರುತ್ತದೆ. ಬೆಂಗಳೂರಿನಿಂದ ಹೊರಟ ಕಾರ್ಡ್ ಬಿಸಿಲಲ್ಲಿ ಪಯಣಿಸಿ ದಂಡೋತಿ ತಲುಪುವಷ್ಟರಲ್ಲಿ ನಿರುಪಯುಕ್ತವಾಗಿದ್ದರೆ ಆಶ್ಚರ್ಯವಿಲ್ಲ. ಹೀಗಾಗಿ ಮಿತ್ರಕೀಟಗಳ ಉತ್ಪಾದನೆ ರೈತನ ಹತ್ತಿರ, ತಾಲ್ಲೂಕು ಮಟ್ಟದಲ್ಲಿ ನಡೆಯಬೇಕು. ಸ್ತ್ರೀಶಕ್ತಿ ಸಂಘಗಳು ಹಾಗೂ ವಿದ್ಯಾವಂತ ಯುವಕರಿಗೆ ತರಬೇತಿ ಕೊಟ್ಟರೆ ಇದು ಉದ್ಯೋಗವೂ ಆಗಬಲ್ಲದು. ಯಾವ ಬೆಳೆಗೆ ಯಾವ ಕೀಟ ಎಂಬ ಸಲಹೆಯೂ ಅದರೊಂದಿಗೆ ರೈತನಿಗೆ ಸಿಗಬೇಕು.

ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಮಾನ್ಯತೆ ದೊರೆತಿದೆ. ಹೆಸರು ಬಂದ ಮೇಲೆ ಗ್ರಾಹಕ ರುಚಿಯ ಜೊತೆಗೆ ಬೇಳೆಯಲ್ಲಿ ಉಳಿದಿರುವ ವಿಷದ ಬಗ್ಗೆಯೂ ಕೇಳುವುದು ಸಹಜ. ಆ ಪ್ರಶ್ನೆಗೆ ಉತ್ತರ ಕೊಡುವ ಹೊಣೆಯನ್ನು ರೈತನ ತಲೆಗಷ್ಟೇ ಕಟ್ಟುವುದು ನ್ಯಾಯವಲ್ಲ. 1997-98ರ ಪಾಠಕ್ಕೆ ರೈತ ಈಗಾಗಲೇ ದುಬಾರಿ ಬೆಲೆ ತೆತ್ತಿದ್ದಾನೆ.