ಎಲುಬಿಗಿಳಿದ ಗಣಿ

ಜೊಹಾನೆಸ್‌ಬರ್ಗ್ ಹೈಕೋರ್ಟ್ 2023ರ ಡಿಸೆಂಬರ್‌ನಲ್ಲಿ ಕೊಟ್ಟ ತೀರ್ಪೊಂದರಲ್ಲಿ ಎರಡು ಸಲ ಓದಬೇಕಾದ ಮಾತೊಂದಿದೆ. ಅರ್ಧ ಶತಮಾನದ ಹಿಂದೆಯೇ ಕೆಲಸ ನಿಲ್ಲಿಸಿದ ಉದ್ಯಮವನ್ನು ಇನ್ನೂ ಹುಟ್ಟದ ಪೀಳಿಗೆಗಳಿಗೆ ಹೊಣೆ ಮಾಡುವುದು, ಅದೂ ಆ ಕಾಲಕ್ಕೆ ಗೊತ್ತೇ ಇರದಿದ್ದ ತಿಳಿವಳಿಕೆಯ ಅಳತೆಗೋಲು ಹಿಡಿದು, ಅಪಾಯದ ಮೇಲ್ಪಂಕ್ತಿಯಾದೀತು ಎಂಬುದು ಅದರ ತಾತ್ಪರ್ಯ. ಕೇಳುವುದಕ್ಕೆ ನ್ಯಾಯವೆನಿಸುತ್ತದೆ. ತಾತ ಮಾಡಿದ ಸಾಲಕ್ಕೆ ಮೊಮ್ಮಗನ ಮನೆ ಜಪ್ತಿ ಮಾಡಬಾರದು ಎಂದರೆ ಯಾರು ತಾನೇ ಒಪ್ಪುವುದಿಲ್ಲ? ಆದರೆ ಆ ದಾವೆಯ ಮೂಲವಾದ ಜಾಂಬಿಯಾದ ಕಾಬ್ವೆಯಲ್ಲಿ ಲೆಕ್ಕ ತಲೆಕೆಳಗಾಗಿದೆ. ಲಾಭ ಉಂಡವರು ಎದ್ದು ಕೈತೊಳೆದು ಹೋಗಿದ್ದಾರೆ. ಜಪ್ತಿಗೆ ಸಿಕ್ಕಿರುವುದು ಇನ್ನೂ ಹೊಟ್ಟೆಯಲ್ಲಿರುವ ಕೂಸು.

ರಾಜಧಾನಿ ಲುಸಾಕಾದ ಉತ್ತರಕ್ಕಿರುವ ಕಾಬ್ವೆಯಲ್ಲಿ ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಿಂದ 1994ರವರೆಗೆ ಸೀಸ, ಸತುವಿನ ಗಣಿ ನಡೆಯಿತು. ಅದಿರು ಕರಗಿಸುವ ಕುಲುಮೆಗಳೂ ಅಲ್ಲೇ ಇದ್ದವು. ಗಾಳಿ ಬೀಸುವ ದಿಕ್ಕಿಗೆ ಕಸಾಂಡಾ ಎಂಬ ಬಡಾವಣೆ. ಗಣಿಯ ಕಸ ಸುರಿದು ಎದ್ದ ಗುಡ್ಡಕ್ಕೆ ‘ಬ್ಲ್ಯಾಕ್ ಮೌಂಟನ್’ ಎಂದೇ ಹೆಸರು. ಊರಿಗೆ ಬ್ರಿಟಿಷರು ಇಟ್ಟ ಹೆಸರು ಬ್ರೋಕನ್ ಹಿಲ್. 1921ರಲ್ಲಿ ಇದೇ ಗಣಿಯಲ್ಲಿ ಆದಿಮಾನವನ ತಲೆಬುರುಡೆಯೊಂದು ಸಿಕ್ಕಾಗ ಅದನ್ನು ಜೋಪಾನವಾಗಿ ಲಂಡನ್ನಿಗೆ ಸಾಗಿಸಿದರು. ಜಾಂಬಿಯಾ ವಾಪಸು ಕೇಳುತ್ತಲೇ ಬಂದಿದೆ. ಸೀಸದ ಧೂಳನ್ನು ಮಾತ್ರ ಯಾರೂ ಒಯ್ಯಲಿಲ್ಲ.

ಆ ಧೂಳು ಏನು ಮಾಡಿದೆ? ಕಾಬ್ವೆಯ ಬಡಾವಣೆಗಳಲ್ಲಿ ಏಳು ವರ್ಷದೊಳಗಿನ 246 ಮಕ್ಕಳ ರಕ್ತ ಪರೀಕ್ಷಿಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಡೆಸಿಲೀಟರ್ ರಕ್ತದಲ್ಲಿ 5 ಮೈಕ್ರೋಗ್ರಾಂ ಸೀಸ ಕಂಡರೆ ಎಚ್ಚರಿಕೆಯ ಗಂಟೆ ಬಾರಿಸಬೇಕು; 45 ದಾಟಿದರೆ ರಕ್ತದಿಂದ ಸೀಸ ಹೊರತೆಗೆಯುವ ಔಷಧಿ ಕೊಡಬೇಕು. ಪರೀಕ್ಷೆಗೆ ಒಳಗಾದ ಅಷ್ಟೂ ಮಕ್ಕಳಲ್ಲಿ 5ರ ಗೆರೆ ದಾಟಿತ್ತು. ಎಂಟು ಮಕ್ಕಳಲ್ಲಿ 150ಕ್ಕೂ ಮೇಲಿತ್ತು. ಗಣಿ ಮುಚ್ಚಿ ಇಪ್ಪತ್ತು ವರ್ಷವಾಗಿತ್ತು.

ವಾದ ಶುರುವಾಗುವುದು ಇಲ್ಲಿಂದ. ಗಣಿ ಮುಚ್ಚಿದ ಮೇಲೆ ಹುಟ್ಟಿದ ಮಗುವಿಗೂ ಗಣಿಗೂ ಏನು ಸಂಬಂಧ? ಅಂಗಳದ ಮಣ್ಣು ಒಂದು ದಾರಿ ಎಂಬುದು ಎಲ್ಲರಿಗೂ ಗೊತ್ತು. ಇನ್ನೊಂದು ದಾರಿ ತಾಯಿಯ ಎಲುಬು.

ದೇಹದ ಕಣ್ಣಿಗೆ ಸೀಸವೂ ಕ್ಯಾಲ್ಸಿಯಂನಂತೆಯೇ ಕಾಣುತ್ತದೆ. ಕ್ಯಾಲ್ಸಿಯಂ ಎಂದೇ ತಿಳಿದು ಎಲುಬಿನಲ್ಲಿ ಕೂಡಿಡುತ್ತದೆ. ವಯಸ್ಕರ ಮೈಯಲ್ಲಿರುವ ಸೀಸದ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ಎಲುಬಿನಲ್ಲೇ ಇರುತ್ತದೆ, ದಶಕಗಟ್ಟಲೆ. ಅಂಗಳದಲ್ಲಿ ಕುಂಟಾಬಿಲ್ಲೆ ಆಡುವ ವಯಸ್ಸಿನಲ್ಲಿ ಹುಡುಗಿ ನುಂಗಿದ ಧೂಳು ಹೀಗೆ ಠೇವಣಿಯಾಗಿ ಕೂರುತ್ತದೆ. ಅವಳು ಬಸುರಿಯಾದಾಗ ಕೂಸಿನ ಎಲುಬು ಕಟ್ಟಲು ತಾಯಿಯ ಎಲುಬು ಕರಗಿ ಕ್ಯಾಲ್ಸಿಯಂ ಕೊಡುತ್ತದೆ. ಜೊತೆಯಲ್ಲಿ ಸೀಸವೂ ಎದ್ದು ಬರುತ್ತದೆ. ಮಾಸು ಅದನ್ನು ತಡೆಯುವುದಿಲ್ಲ. ಹೊಕ್ಕುಳಬಳ್ಳಿಯ ರಕ್ತದಲ್ಲಿ ಸೀಸದ ಮಟ್ಟ ತಾಯಿಯ ರಕ್ತದ ಮಟ್ಟಕ್ಕೆ ಹೆಚ್ಚುಕಡಿಮೆ ಸಮನಾಗಿಯೇ ಇರುತ್ತದೆ.

ಇದು ಬರೀ ಊಹೆಯಲ್ಲ ಎಂದು ತೋರಿಸಿಕೊಟ್ಟದ್ದು ಆಸ್ಟ್ರೇಲಿಯಾದ ವಿಜ್ಞಾನಿ ಬ್ರಯನ್ ಗುಲ್ಸನ್. ಒಂದೊಂದು ಅದಿರಿನ ಸೀಸಕ್ಕೂ ಅದರದೇ ಐಸೋಟೋಪುಗಳ ಹೆಬ್ಬೆಟ್ಟಿನ ಗುರುತಿರುತ್ತದೆ. ಆಸ್ಟ್ರೇಲಿಯಾದ ಸೀಸದ ಗುರುತೇ ಬೇರೆ, ಪೂರ್ವ ಯುರೋಪಿನದೇ ಬೇರೆ. ಗುಲ್ಸನ್ 1990ರ ದಶಕದಲ್ಲಿ ಪೂರ್ವ ಯುರೋಪಿನಿಂದ ವಲಸೆ ಬಂದ ಹೆಂಗಸರನ್ನು ಬಸುರಿ, ಬಾಣಂತನದುದ್ದಕ್ಕೂ ಪರೀಕ್ಷಿಸುತ್ತ ಹೋದರು. ದೇಶ ಬಿಟ್ಟು ಬಂದರೂ ಬಸುರಿಯಾದಾಗ ಅವರ ರಕ್ತದಲ್ಲಿ ತವರು ನೆಲದ ಸೀಸ ಎದ್ದು ಬಂದಿತು. ಹಾಲೂಡಿಸುವ ತಿಂಗಳುಗಳಲ್ಲಿ ಇನ್ನೂ ಏರಿತು. ಹೆಣ್ಣುಮಕ್ಕಳು ತವರಿನಿಂದ ಏನೇನೋ ತರುತ್ತಾರೆ. ಇದೂ ಒಂದು.

ಹಾಗಾಗಿ ‘ಐವತ್ತು ವರ್ಷದ ಹಿಂದೆ ನಿಂತುಹೋದ ಕೆಲಸ’ ಎಂಬ ಮಾತು ವಕೀಲರ ಕಡತಕ್ಕೆ ಹೊಂದೀತು, ಬಸುರಿಯ ಮೈಗೆ ಹೊಂದುವುದಿಲ್ಲ.

ದಾವೆ ಹೂಡಿದ್ದು 2020ರ ಅಕ್ಟೋಬರ್‌ನಲ್ಲಿ, ಆಂಗ್ಲೋ ಅಮೆರಿಕನ್ ಸೌತ್ ಆಫ್ರಿಕಾ ಕಂಪನಿಯ ಮೇಲೆ. ಅಂದಾಜು 1,40,000 ಮಂದಿಯ ಪರವಾಗಿ ಸಾಮೂಹಿಕ ಮೊಕದ್ದಮೆಗೆ ಅನುಮತಿ ಕೇಳಲಾಗಿತ್ತು: ಒಂದು ಕಡೆ ಮಕ್ಕಳು, ಇನ್ನೊಂದು ಕಡೆ ಬಸುರಿಯಾದ ಇಲ್ಲವೇ ಮುಂದೆ ಆಗಬಹುದಾದ ಹೆಂಗಸರು. 1925ರಿಂದ 1974ರವರೆಗೆ ಗಣಿಯ ಹಿಡಿತ ಈ ಕಂಪನಿಯ ಕೈಯಲ್ಲಿತ್ತು ಎಂಬುದು ಅವರ ವಾದ. ಕಂಪನಿ ಒಪ್ಪುವುದಿಲ್ಲ. ತಾನು ಗಣಿಯ ಒಡೆಯನಾಗಿರಲಿಲ್ಲ, ನಡೆಸಿದವನೂ ಅಲ್ಲ, ಬಂಡವಾಳ ಹಾಕಿದ್ದೆ, ತಾಂತ್ರಿಕ ಸಲಹೆ ಕೊಟ್ಟಿದ್ದೆ, ಆಮೇಲೆ ಇಪ್ಪತ್ತು ವರ್ಷ ನಡೆಸಿದ್ದು ಜಾಂಬಿಯಾದ ಸರ್ಕಾರಿ ಕಂಪನಿ ಎನ್ನುತ್ತದೆ. ಈ ಕೊನೆಯ ಮಾತನ್ನು ತಳ್ಳಿಹಾಕುವಂತಿಲ್ಲ. ಸರ್ಕಾರದ ಪಾಲಿನ ತಪ್ಪು ದೊಡ್ಡದೇ. ವಿಶ್ವಬ್ಯಾಂಕಿನ ಸಾಲದಲ್ಲಿ ಶುದ್ಧೀಕರಣ ಯೋಜನೆಗಳು ಬಂದು ಹೋದವು, ಗುಡ್ಡ ಹಾಗೆಯೇ ಉಳಿಯಿತು. ಆದರೆ ಇಬ್ಬರು ತಪ್ಪಿತಸ್ಥರಿದ್ದರೆ ಇಬ್ಬರನ್ನೂ ಕೇಳಬೇಕೇ ಹೊರತು, ಇನ್ನೊಬ್ಬನಿದ್ದಾನೆಂದು ಒಬ್ಬನನ್ನು ಬಿಟ್ಟುಬಿಡುವುದು ಎಲ್ಲಿಯ ಪಂಚಾಯಿತಿ?

ಇನ್ನು ‘ಆ ಕಾಲಕ್ಕೆ ಗೊತ್ತಿರಲಿಲ್ಲ’ ಎಂಬ ಮಾತು. ಇದನ್ನು ಅಷ್ಟು ಸುಲಭಕ್ಕೆ ಬಿಡಬಾರದು.

ಫ್ರೆಂಚ್ ವೈದ್ಯ ಕಾನ್‌ಸ್ಟಾಂಟಿನ್ ಪಾಲ್ 1860ರಲ್ಲೇ ಬರೆದಿದ್ದ: ಸೀಸದ ಕೆಲಸ ಮಾಡುವ ಹೆಂಗಸರಿಗೆ ಗರ್ಭ ನಿಲ್ಲುವುದಿಲ್ಲ, ಹುಟ್ಟಿದ ಮಕ್ಕಳು ಉಳಿಯುವುದಿಲ್ಲ, ಸೀಸದ ಕೆಲಸ ಮಾಡುವ ಗಂಡಸರ ಹೆಂಡಂದಿರ ಗತಿಯೂ ಅದೇ. ಆ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲೆಂಡಿನ ಕೈಗಾರಿಕಾ ಪಟ್ಟಣಗಳ ಬಡ ಹೆಂಗಸರಿಗೂ ಇದು ತಿಳಿದಿತ್ತು. ಗಾಯಕ್ಕೆ ಹಚ್ಚುವ ಸೀಸದ ಮುಲಾಮನ್ನು ಗುಳಿಗೆ ಮಾಡಿ ನುಂಗಿ ಬಸಿರು ಇಳಿಸಿಕೊಳ್ಳುತ್ತಿದ್ದರು, ಕೆಲವರು ಜೀವವನ್ನೂ ಕಳೆದುಕೊಳ್ಳುತ್ತಿದ್ದರು. ಅಕ್ಷರ ಬಾರದವರಿಗೆ ಗೊತ್ತಿದ್ದ ವಿಷಯ ಇದು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ತನ್ನ ಮೊಟ್ಟಮೊದಲ ಸಮ್ಮೇಳನದಲ್ಲಿ, 1919ರಲ್ಲಿ, ಸೀಸ ಮತ್ತು ಸತುವಿನ ಅದಿರು ಕರಗಿಸುವ ಕುಲುಮೆಗಳಿಂದ ಹೆಂಗಸರನ್ನೂ ಹದಿನೆಂಟರೊಳಗಿನವರನ್ನೂ ದೂರವಿಡಿ ಎಂದು ಶಿಫಾರಸು ಮಾಡಿತು. ಕೊಟ್ಟ ಕಾರಣವೇ ತಾಯ್ತನಕ್ಕೆ ಒದಗುವ ಅಪಾಯ. ದಾವೆಯಲ್ಲಿ ಹೇಳಿದ 1925ಕ್ಕಿಂತ ಆರು ವರ್ಷ ಮೊದಲಿನ ಮಾತಿದು. ಕುಲುಮೆಯೊಳಗಿದ್ದವಳಿಗೆ ಅಪಾಯವಾದರೆ, ಕುಲುಮೆಯ ಹೊಗೆ ಇಳಿಯುವ ಬಡಾವಣೆಯಲ್ಲಿ ಬಟ್ಟೆ ಒಣಗಿಸುವವಳಿಗೆ ಆಗದೇ?

ಕಾಬ್ವೆಯವರಿಗೆ ಸಾಮೂಹಿಕ ಅನುಮತಿ ನಿರಾಕರಿಸಿದ ಇದೇ ಜೊಹಾನೆಸ್‌ಬರ್ಗಿನ ಹೈಕೋರ್ಟ್ 2016ರಲ್ಲಿ ಚಿನ್ನದ ಗಣಿ ಕಾರ್ಮಿಕರ ಸಿಲಿಕೋಸಿಸ್ ಎಂಬ ಧೂಳಿನ ಕಾಯಿಲೆಯ ಮೊಕದ್ದಮೆಗೆ ಸಾಮೂಹಿಕ ಅನುಮತಿ ಕೊಟ್ಟಿತ್ತು. 2018ರಲ್ಲಿ ಗಣಿ ಕಂಪನಿಗಳು 500 ಕೋಟಿ ರಾಂಡ್‌ಗಳ ಒಪ್ಪಂದಕ್ಕೆ ಬಂದವು. ಆಂಗ್ಲೋ ಅಮೆರಿಕನ್ ಕೂಡ ಅದರಲ್ಲಿತ್ತು. ಅದೂ ದಶಕಗಳಷ್ಟು ಹಳೆಯ ಧೂಳೇ. ಆ ಕಾರ್ಮಿಕರಿಗೆ ಸಂಬಳದ ಚೀಟಿಯಿತ್ತು, ಕಂಪನಿಯ ಹಾಜರಿ ಪುಸ್ತಕದಲ್ಲಿ ಹೆಸರಿತ್ತು. ಎರಡೂ ಮೊಕದ್ದಮೆ ಒಂದೇ ಅಲ್ಲವೆಂದು ಕಾನೂನು ಬಲ್ಲವರು ಹೇಳಬಹುದು, ಅದು ಸರಿಯೇ. ಆದರೂ ಗಂಡಸಿನ ಪುಪ್ಪುಸಕ್ಕೆ ತೆರೆದ ಬಾಗಿಲು ಹೆಂಗಸಿನ ಗರ್ಭಕ್ಕೆ ಮುಚ್ಚಿಕೊಂಡದ್ದು ಕಣ್ಣಿಗೆ ಹೊಡೆಯುವಂತಿದೆ. ಕಾಬ್ವೆಯ ತೀರ್ಪಿನ ವಿರುದ್ಧ 2024ರಲ್ಲಿ ಮೇಲ್ಮನವಿಗೆ ಅನುಮತಿ ಸಿಕ್ಕಿತು.

ಈ ನಡುವೆ ಹೆಂಗಸರಿಗೆ ಸಿಗುವುದು ಬುದ್ಧಿಮಾತು. ಒಣ ನೆಲ ಗುಡಿಸಬೇಡಿ, ನೀರು ಚಿಮುಕಿಸಿ ಗುಡಿಸಿ. ಮಕ್ಕಳ ಕೈ ತೊಳೆಸಿ. ಬಸುರಿಯರು ಮಣ್ಣು ತಿನ್ನಬೇಡಿ. ಯಾವುದೂ ಸುಳ್ಳಲ್ಲ. ಬಸುರಿ ಬಯಕೆಗೆ ಮಣ್ಣು ತಿನ್ನುವುದು ಅಲ್ಲಿಯೂ ಉಂಟು, ನಮ್ಮಲ್ಲಿ ಸೀಮೆಸುಣ್ಣ, ಇಟ್ಟಿಗೆ ಚೂರು ಬಾಯಿಗೆ ಹಾಕಿಕೊಳ್ಳುವ ಹಾಗೆ. ಆದರೆ ಲಕ್ಷಾಂತರ ಟನ್ ಗಣಿಕಸದ ಎದುರು ಒಂದು ಪೊರಕೆ, ಒಂದು ಚೊಂಬು ನೀರು! ಕಾಯಿಲೆ ಬಿದ್ದರೆ ಆಗ ಬೈಗುಳವೂ ಅವಳಿಗೇ: ಸರಿಯಾಗಿ ಗುಡಿಸಲಿಲ್ಲ.

ಕಾಬ್ವೆ ದೂರದ ಊರು ಎಂದು ಕನ್ನಡಿಗರು ಸುಮ್ಮನಿರುವಂತಿಲ್ಲ. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾ ಹಳೆಯ ಮಂಗಳೂರು ಚಿನ್ನದ ಗಣಿಯ ಸೀಮೆಯಲ್ಲಿದೆ. (ಕರಾವಳಿಯ ಮಂಗಳೂರಲ್ಲ, ಯಾದಗಿರಿ ಜಿಲ್ಲೆಯದು.) ಅಲ್ಲಿನ ವಿಷ ಸೀಸವಲ್ಲ, ಆರ್ಸೆನಿಕ್. ಸಂಶೋಧಕ ದೀಪಂಕರ್ ಚಕ್ರವರ್ತಿಯವರ ತಂಡ 2013ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 59 ಕೊಳವೆಬಾವಿ ನೀರಿನ ಮಾದರಿಗಳಲ್ಲಿ ನೂರಕ್ಕೆ 79ರಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೋಗ್ರಾಂ ಮೀರಿತ್ತು. ತಪಾಸಣೆಗೆ ಬಂದ 181 ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಚರ್ಮದ ಮೇಲೆ ಅದರ ಗುರುತು ಕಂಡಿತು. ಚರ್ಮ ಕಣ್ಣಿಗೆ ಕಾಣುತ್ತದೆ, ಸುದ್ದಿಯಾಯಿತು. ಬಸಿರು ಕಾಣುವುದಿಲ್ಲ. ಬಸುರಿಯರು ಕುಡಿದ ಆರ್ಸೆನಿಕ್ ನೀರಿಗೂ ಗರ್ಭನಷ್ಟ, ಶಿಶುಮರಣಗಳಿಗೂ ಇರುವ ನಂಟನ್ನು ಬಾಂಗ್ಲಾದೇಶದ ಮತ್ಲಬ್‌ನ ಅಧ್ಯಯನ 2007ರಲ್ಲೇ ತೋರಿಸಿತ್ತು.

ಆಶಾ ಕಾರ್ಯಕರ್ತೆ ಬಸುರಿಯ ಕೈಗೆ ಕೊಡುವ ತಾಯಿ ಕಾರ್ಡಿನಲ್ಲಿ ತೂಕಕ್ಕೆ ಜಾಗವಿದೆ, ರಕ್ತದೊತ್ತಡಕ್ಕೆ, ಹಿಮೋಗ್ಲೋಬಿನ್ನಿಗೆ ಇದೆ. ಗಣಿ ಸೀಮೆಯ ಹೆಂಗಸಿಗೂ ಅದೇ ಕಾರ್ಡು, ಅವೇ ಕಬ್ಬಿಣದ ಮಾತ್ರೆ. ಸೀಸ ಮೈಯಲ್ಲಿದ್ದರೆ ರಕ್ತಹೀನತೆ ಅದರಿಂದಲೂ ಬರುತ್ತದೆ ಎಂದು ಆ ಕಾರ್ಡಿಗೆ ಗೊತ್ತಿಲ್ಲ. ಬೆರಳು ಚುಚ್ಚಿ ತೆಗೆದ ಎರಡು ಹನಿ ರಕ್ತದಲ್ಲಿ ಮೂರೇ ನಿಮಿಷಕ್ಕೆ ಸೀಸ ಅಳೆಯುವ ಪುಟ್ಟ ಯಂತ್ರಗಳು ಬಂದಿವೆ. ಆರ್ಸೆನಿಕ್‌ಗೆ ಮೂತ್ರ ಪರೀಕ್ಷೆ ಇದೆ. ಗಣಿಯಿಂದ ತೊಂದರೆಗೆ ಸಿಕ್ಕವರಿಗೆಂದೇ 2015ರ ತಿದ್ದುಪಡಿಯಲ್ಲಿ ಹುಟ್ಟಿದ ಜಿಲ್ಲಾ ಖನಿಜ ಪ್ರತಿಷ್ಠಾನದ ದುಡ್ಡು ಇದೆ, ಅದರ ಬಾಬತ್ತುಗಳಲ್ಲಿ ಆರೋಗ್ಯವೂ ಒಂದು. ಕಾಬ್ವೆಯ ಹೆಂಗಸರು ಕೋರ್ಟಿಗೆ ಹೋಗಿ ಕೇಳಿದ್ದರಲ್ಲಿ ಬಸುರಿಯರ ರಕ್ತ ಪರೀಕ್ಷೆಯೂ ಸೇರಿತ್ತು. ಯಾದಗಿರಿ, ರಾಯಚೂರು, ಬಳ್ಳಾರಿಯಲ್ಲಿ ಅದಕ್ಕೆ ಕೋರ್ಟಿನ ತನಕ ಹೋಗಬೇಕಿಲ್ಲ, ಜಿಲ್ಲಾಧಿಕಾರಿಯ ಒಂದು ರುಜು ಸಾಕು.